ಎಲುಬಿನ ಗಂಟುಗಳು: ಸೌಮ್ಯ ಯಾವುದು, ಘಾತಕ ಯಾವುದು?

ಇತಿಹಾಸವನ್ನೂ ಕನ್ನಡವನ್ನೂ ಓದುವ ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಎಲುಬಿನ ಗಂಟುಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಾದರೂ ನಗಬಹುದು. ಇದು ವೈದ್ಯರ ಕೆಲಸವಲ್ಲವೆ ಎಂದು ಕೇಳಬಹುದು. ನಿಜ. ಆದರೆ ಗಂಟು ಮೊದಲು ಕಾಣುವುದು ವೈದ್ಯರ ಕಣ್ಣಿಗಲ್ಲ, ಮನೆಯವರ ಕಣ್ಣಿಗೆ. ಅದನ್ನು ಕಂಡು ಏನು ಮಾಡಬೇಕು, ಎಷ್ಟು ದಿನ ಕಾಯಬೇಕು ಎಂಬುದನ್ನು ನಿರ್ಧರಿಸುವವರೂ ಮನೆಯವರೇ. ಹಾಗೆ ನಿರ್ಧರಿಸಿದವರಲ್ಲಿ ನಾನೂ ಒಬ್ಬನು. ಮತ್ತು ತಪ್ಪಾಗಿ ನಿರ್ಧರಿಸಿದವನು. ಆದ್ದರಿಂದಲೇ ಈ ಲೇಖನ.

ನಾನು ರಾಯಬಾಗ ತಾಲೂಕಿನ ದಿಗ್ಗೇವಾಡಿಯವನು. ಕೃಷ್ಣೆಯ ಸೀಮೆ, ಕಬ್ಬಿನ ಊರು. ನನಗೆ ಹದಿಮೂರು ವರುಷ ವಯಸ್ಸಾಗಿದ್ದಾಗ ಬಲಗಾಲಿನ ಮೊಣಕಾಲ ಕೆಳಗೆ, ಒಳಮಗ್ಗುಲಿಗೆ, ಅಡಿಕೆಯಷ್ಟು ಗಾತ್ರದ ಕಲ್ಲಿನಂಥ ಗಂಟೊಂದು ಕೈಗೆ ಹತ್ತಿತು. ನೋವಿರಲಿಲ್ಲ. ಚೆಂಡಾಟದಲ್ಲಿ ಪೆಟ್ಟು ಬಿದ್ದರೆ ಮಾತ್ರ ಚುರುಕ್ಕೆನ್ನುತ್ತಿತ್ತು. ಮನೆಯಲ್ಲಿ ಗಾಬರಿಯೋ ಗಾಬರಿ. ಆಯಿ ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತಳು. ಅಪ್ಪ ನನ್ನನ್ನು ಮಿರಜಿಗೆ ಕರೆದೊಯ್ದರು. ಅಲ್ಲಿಯ ವೈದ್ಯರು ಕ್ಷಕಿರಣದ ಚಿತ್ರ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಎಲುಬಿಗೆ ಮೂಡಿದ ಟಿಸಿಲು. ನೀನು ಬೆಳೆಯುವತನಕ ಬೆಳೆಯುತ್ತದೆ, ನೀನು ನಿಂತರೆ ಅದೂ ನಿಲ್ಲುತ್ತದೆ. ಕೈ ಹಚ್ಚುವುದು ಬೇಡ" ಎಂದರು. ಅವರೆಂದಂತೆಯೇ ಆಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಎಲುಬಿನ ಗಂಟೆಂದರೆ ಅಂಜುವಂಥದಲ್ಲ ಎಂಬ ಧೈರ್ಯ ಬಂದಿತು.

ಆ ಧೈರ್ಯವೇ ಮುಂದೆ ಮುಳುವಾಯಿತು. ಎರಡು ವರುಷಗಳ ಹಿಂದೆ ನಮ್ಮ ಕಾಕಾನ ಮಗನಿಗೆ, ಆಗ ಅವನಿಗೆ ಹದಿನೈದು ವಯಸ್ಸು, ಎಡದ ಮೊಣಕಾಲ ಮೇಲುಗಡೆ ನೋವು ಸುರುವಾಯಿತು. ಕಬ್ಬಿನ ಗಾಡಿಯಿಂದ ಜಿಗಿಯುವಾಗ ಬಿದ್ದದ್ದೇ ಕಾರಣವೆಂದು ಎಲ್ಲರೂ ಹೇಳಿದರು. ಪಕ್ಕದ ಊರಿನ ಎಲುಬು ಕೂಡಿಸುವವರೊಬ್ಬರು, "ಏನಾಗೂದಿಲ್ಲ, ನರ ಹೊಳ್ಳೇತಿ, ತಿಕ್ಕಿದ್ರ ಹೋಗತೈತಿ" ಎಂದು ಎಣ್ಣೆ ಹಚ್ಚಿ ತಿಕ್ಕಿ, ಸೊಪ್ಪು ಕಟ್ಟಿದರು. ಆರು ವಾರ ಹೀಗೆ ನಡೆಯಿತು. ನಡುವೆ ವೈದ್ಯರೊಬ್ಬರು ಕಾಲನ್ನು ಸರಿಯಾಗಿ ಮುಟ್ಟಿ ಸಹ ನೋಡದೆ ನೋವಿನ ಸೂಜಿ ಚುಚ್ಚಿ ಕಳಿಸಿದರು. ದೀಪಾವಳಿಯ ಸೂಟಿಗೆ ನಾನು ಊರಿಗೆ ಹೋದಾಗ ಹುಡುಗನು ಕುಂಟುತ್ತಿದ್ದನು. ತೊಡೆಯ ಕೆಳತುದಿ ದಪ್ಪನಾಗಿತ್ತು. "ಅಣ್ಣಾ, ರಾತ್ರಿ ನಿದ್ದಿ ಹತ್ತೂದಿಲ್ಲೋ" ಎಂದನು. ನಾನು ನನ್ನ ಗಂಟನ್ನು ಅವನಿಗೆ ತೋರಿಸಿ, "ನನ್ನದೂ ಹಿಂಗ ಇತ್ತಲ್ಲ, ಅಂಜಬ್ಯಾಡ" ಎಂದು ಹೇಳಿದೆನು. ಚಿಗವ್ವನಿಗೂ ಅದನ್ನೇ ಹೇಳಿದೆನು. ಕಾಲೇಜು ಕಲಿತವನ ಮಾತೆಂದು ಅವಳು ನಂಬಿದಳು. ಇನ್ನೂ ಒಂದು ತಿಂಗಳು ಹೋಯಿತು.

ಎರಡೂ ಗಂಟು, ಎರಡೂ ಮೊಣಕಾಲ ಬಳಿ, ಎರಡೂ ಒಂದೇ ಮನೆಯ ಹುಡುಗರಿಗೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಆ ಅಂತರವನ್ನು ಮುಂದಿನ ಎಂಟು ತಿಂಗಳು ಅವನ ಹಾಸಿಗೆಯ ಬಳಿ ಕುಳಿತು, ಕೇಳಿ, ಓದಿ ಕಲಿತೆನು.

ಎಲುಬು ಕಲ್ಲಿನಂತೆ ಜಡವೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಅದು ಜೀವಂತ ಪದಾರ್ಥ. ಹಳೆಯದನ್ನು ಕೆಡಹುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ಹಗಲಿರುಳು ದುಡಿಯುತ್ತಿರುತ್ತವೆ. ಈ ಕೋಶಗಳಲ್ಲಿ, ಇಲ್ಲವೆ ಎಲುಬಿನ ತುದಿಯ ಮೆಲ್ಲೆಲುಬಿನಲ್ಲಿ, ಲೆಕ್ಕ ತಪ್ಪಿದ ಬೆಳವಣಿಗೆ ಉಂಟಾದರೆ ಅದೇ ಗಂಟು. ಇದ್ದಲ್ಲಿಯೇ ಇದ್ದು, ತನ್ನ ಮಿತಿಯೊಳಗೆ ಬೆಳೆಯುವುದು ಸೌಮ್ಯ ಗಂಟು. ಮಿತಿಯನ್ನು ಮುರಿದು ಸುತ್ತಲಿನ ಮಾಂಸಕ್ಕೆ ನುಗ್ಗಿ, ರಕ್ತದ ಮೂಲಕ ಶ್ವಾಸಕೋಶಕ್ಕೋ ಬೇರೆ ಎಲುಬಿಗೋ ಹೋಗಿ ನೆಲಸಬಲ್ಲುದು ಘಾತಕ ಗಂಟು. ಅದೇ ಎಲುಬಿನ ಕ್ಯಾನ್ಸರು. ಎಲುಬಿನಲ್ಲಿಯೇ ಹುಟ್ಟುವ ಕ್ಯಾನ್ಸರು ವಿರಳವಾದುದು. ಎಲ್ಲ ಕ್ಯಾನ್ಸರುಗಳನ್ನು ಕೂಡಿಸಿದರೆ ಅದರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ವಿರಳವಾದುದರಿಂದಲೇ ಅದು ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ನಾಲ್ವತ್ತು ದಾಟಿದವರ ಮಾತು ಬೇರೆ. ಅವರ ಎಲುಬಿನಲ್ಲಿ ಕಾಣುವ ಘಾತಕ ಗಂಟು ಬಹುಮಟ್ಟಿಗೆ ಬೇರೆ ಕಡೆಯಿಂದ, ಎಂದರೆ ಸ್ತನ, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಅಥವಾ ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ಹರಡಿ ಬಂದುದಾಗಿರುತ್ತದೆ. ಇಲ್ಲವೆ ಎಲುಬಿನ ಮಜ್ಜೆಯ ಮೈಲೋಮ ಎಂಬ ರೋಗವಾಗಿರುತ್ತದೆ.

ವೈದ್ಯರು ಮೊದಲು ಕೇಳುವ ಪ್ರಶ್ನೆಗಳು ಎರಡು: ರೋಗಿಯ ವಯಸ್ಸೆಷ್ಟು? ಗಂಟು ಯಾವ ಎಲುಬಿನ ಯಾವ ಭಾಗದಲ್ಲಿದೆ? ಇವೆರಡರಿಂದಲೇ ಅರ್ಧ ದಾರಿ ಸವೆಯುತ್ತದೆಂಬುದು ನನಗೆ ಬಹಳ ಆಶ್ಚರ್ಯವನ್ನುಂಟುಮಾಡಿತು. ಹತ್ತರಿಂದ ಇಪ್ಪತ್ತು ವರುಷದ ಹುಡುಗರಲ್ಲಿ, ಎಲುಬು ಸರಸರನೆ ಉದ್ದವಾಗುವ ಕಾಲದಲ್ಲಿ, ಅತಿ ಹೆಚ್ಚು ಬೆಳೆಯುವ ಜಾಗವಾದ ಮೊಣಕಾಲ ಮೇಲೆ ಮತ್ತು ಕೆಳಗೆ, ಅನಂತರ ಹೆಗಲ ಬಳಿ ಬರುವುದು ಆಸ್ಟಿಯೊಸಾರ್ಕೋಮ. ಹುಡುಗರಲ್ಲಿಯೇ, ಆದರೆ ಎಲುಬಿನ ನಡುದಿಂಡಿನಲ್ಲಿ ಅಥವಾ ಸೊಂಟದ ಎಲುಬಿನಲ್ಲಿ, ಜ್ವರವನ್ನೂ ಕೂಡಿಕೊಂಡು ಬರುವುದು ಯೂಯಿಂಗ್ ಸಾರ್ಕೋಮ; 1921ರಲ್ಲಿ ಅದನ್ನು ಪ್ರತ್ಯೇಕವಾಗಿ ಗುರುತಿಸಿದ ಅಮೆರಿಕದ ಜೇಮ್ಸ್ ಯೂಯಿಂಗ್ ಎಂಬವರ ಹೆಸರೇ ಅದಕ್ಕೆ. ಇಪ್ಪತ್ತರಿಂದ ನಾಲ್ವತ್ತರ ಒಳಗಿನವರಲ್ಲಿ ಕೀಲಿಗೆ ತೀರ ಅಂಟಿದಂತೆ ಎಲುಬಿನ ತುದಿಯಲ್ಲಿಯೇ ಕೂಡುವುದು ದೈತ್ಯಕೋಶದ ಗಂಟು. ಮೆಲ್ಲೆಲುಬಿನ ಕ್ಯಾನ್ಸರು ಹೆಚ್ಚಾಗಿ ನಾಲ್ವತ್ತರ ಮೇಲೆ, ಸೊಂಟ ತೊಡೆಗಳಲ್ಲಿ. ಕೈಬೆರಳ ಸಣ್ಣ ಎಲುಬುಗಳಲ್ಲಿ ಸಿಕ್ಕುವ ಮೆಲ್ಲೆಲುಬಿನ ಗಂಟಾದರೋ ಹೆಚ್ಚಾಗಿ ಸೌಮ್ಯವೇ.

ಇನ್ನು ನೋವಿನ ಮಾತು. ನೋವಿದ್ದರೆ ಘಾತಕ, ಇಲ್ಲದಿದ್ದರೆ ಸೌಮ್ಯ ಎಂದು ಗೆರೆ ಎಳೆಯಲಾಗದು. ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಒಂದು ಗಂಟುಂಟು. ಅದರ ತಿರುಳು ಕಡಲೆಕಾಳಿನಷ್ಟು, ಬಹಳವಾದರೆ ಒಂದೂವರೆ ಸೆಂಟಿಮೀಟರು. ಅದು ಪೂರ್ಣ ಸೌಮ್ಯ. ಆದರೂ ರಾತ್ರಿಯೆಲ್ಲ ಹುಡುಗನನ್ನು ಅಳಿಸುತ್ತದೆ. ವಿಚಿತ್ರವೆಂದರೆ ಒಂದು ಆಸ್ಪಿರಿನ್ ಗುಳಿಗೆಗೆ ಆ ನೋವು ಮಾಯವಾಗುತ್ತದೆ; ಈ ಗುಣದಿಂದಲೇ ಅದನ್ನು ಶಂಕಿಸುತ್ತಾರೆ. ಇದಕ್ಕೆ ವಿರುದ್ಧವಾಗಿ ಘಾತಕ ಗಂಟು ಮೊದಮೊದಲು ಬಂದು ಹೋಗುವ ಸಣ್ಣ ನೋವಾಗಿ ಇರಬಹುದು. ಆಮೇಲೆ ಅದು ಬಿಡದೆ ಹಿಡಿಯುತ್ತದೆ, ಮಲಗಿದರೂ ಹೋಗುವುದಿಲ್ಲ, ವಾರದಿಂದ ವಾರಕ್ಕೆ ಏರುತ್ತದೆ. ಬೆಳೆಯುವ ಮಕ್ಕಳಿಗೆ ಸಂಜೆ ರಾತ್ರಿಗಳಲ್ಲಿ ಕಾಲು ನೋಯುವುದು ಸಾಮಾನ್ಯವಷ್ಟೆ. ಅದು ಸಾಧಾರಣವಾಗಿ ಎರಡೂ ಕಾಲಿಗೆ, ಬೆಳಗಾದರೆ ಮಾಯ, ಬಾವಿಲ್ಲ, ಕುಂಟಿಲ್ಲ. ಒಂದೇ ಕಾಲು, ಒಂದೇ ಜಾಗ, ಬಾವು, ಕುಂಟು ಇಷ್ಟು ಕೂಡಿದರೆ ಅದು ಬೆಳವಣಿಗೆಯ ನೋವಲ್ಲ. ನನ್ನ ತಮ್ಮನಿಗೆ ಈ ನಾಲ್ಕೂ ಇದ್ದವು. ಬಾವಿನ ಮೇಲೆ ಚರ್ಮ ಬೆಚ್ಚಗಿತ್ತು, ನೀಲಿ ನರಗಳು ಎದ್ದು ಕಾಣುತ್ತಿದ್ದವು. ಆದರೆ ಜ್ವರವಿರಲಿಲ್ಲ, ಹಸಿವು ಚೆನ್ನಾಗಿತ್ತು, ಮೈ ಇಳಿದಿರಲಿಲ್ಲ. ಕ್ಯಾನ್ಸರಾದವರು ಸೊರಗಿ ಕಡ್ಡಿಯಾಗುತ್ತಾರೆಂದು ನಾವು ಸಿನಿಮಾಗಳಲ್ಲಿ ನೋಡಿದ್ದೆವು. ಎಲುಬಿನ ಕ್ಯಾನ್ಸರಿನ ಹುಡುಗನು ಆರಂಭದಲ್ಲಿ ಗಟ್ಟಿಮುಟ್ಟಾಗಿಯೇ ಇರುತ್ತಾನೆ.

ಬಿದ್ದದ್ದರಿಂದ ಗಂಟಾಯಿತೆಂಬ ಮಾತನ್ನೂ ಇಲ್ಲಿ ತೆಗೆದುಹಾಕಬೇಕು. ಪೆಟ್ಟು ಗಂಟನ್ನು ಹುಟ್ಟಿಸುವುದಿಲ್ಲ; ಇದ್ದ ಗಂಟಿನ ಕಡೆಗೆ ನಮ್ಮ ಲಕ್ಷ್ಯವನ್ನು ಎಳೆಯುತ್ತದೆ, ಅಷ್ಟೆ. ಹಳ್ಳಿಯ ಯಾವ ಹುಡುಗನು ವಾರಕ್ಕೊಮ್ಮೆ ಬೀಳುವುದಿಲ್ಲ? ಆದರೆ ಪೆಟ್ಟಿನ ನೋವು ದಿನಗಳೆದಂತೆ ಇಳಿಯಬೇಕು. ಮೂರು ನಾಲ್ಕು ವಾರಗಳಾದರೂ ಇಳಿಯದೆ ಏರುತ್ತಿದ್ದರೆ ಅದು ಪೆಟ್ಟಲ್ಲ. ಇನ್ನು ತಿಕ್ಕುವುದು. ಎಲುಬು ಕೂಡಿಸುವ ಹಿರಿಯರ ಕೈಗುಣವನ್ನು ನಾನು ಅಲ್ಲಗಳೆಯುವವನಲ್ಲ. ನಮ್ಮ ಅಜ್ಜನ ಹೆಗಲನ್ನು ಅವರೇ ಕೂಡಿಸಿದ್ದು. ಆದರೆ ಏನೆಂದು ತಿಳಿಯದ ಬಾವನ್ನು ತಿಕ್ಕಲೇಬಾರದು. ಒಳಗೆ ಎಲುಬು ಸವೆದಿದ್ದರೆ ಮುರಿಯಬಹುದು. ಮುರಿದರೆ ಘಾತಕ ಗಂಟಿನ ಕೋಶಗಳು ರಕ್ತದೊಂದಿಗೆ ಸುತ್ತಲಿನ ಮಾಂಸದಲ್ಲೆಲ್ಲ ಹರಡುತ್ತವೆ. ಕಾಲನ್ನು ಉಳಿಸುವ ಸಾಧ್ಯತೆ ಕಡಿಮೆಯಾಗುತ್ತದೆ.

ಕ್ಷಕಿರಣದ ಚಿತ್ರವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ; ಇಡೀ ವಿಷಯದಲ್ಲಿ ನನ್ನ ಮನಸ್ಸನ್ನು ಸೆರೆಹಿಡಿದದ್ದು ಇದೇ. ರಾಂಟ್‌ಜನ್ ಎಂಬ ಜರ್ಮನ್ ವಿಜ್ಞಾನಿಯು 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದನು. ಇಂದು ಎಷ್ಟೋ ಹೊಸ ಯಂತ್ರಗಳು ಬಂದಿದ್ದರೂ ಎಲುಬಿನ ಗಂಟಿಗೆ ಮೊದಲ ಪರೀಕ್ಷೆ ಇಂದಿಗೂ ಆ ಹಳೆಯ ಚಿತ್ರವೇ. ಅದರಲ್ಲಿ ವೈದ್ಯರು ಗಂಟಿಗಿಂತ ಹೆಚ್ಚಾಗಿ ಗಂಟಿನ ಅಂಚನ್ನು ನೋಡುತ್ತಾರೆ. ನಮ್ಮ ಹೊಲದ ಬದುವಿನ ದೃಷ್ಟಾಂತ ಇಲ್ಲಿ ಒಪ್ಪುತ್ತದೆ. ನೀರು ನಿಧಾನವಾಗಿ ಏರುತ್ತಿದ್ದರೆ ರೈತನಿಗೆ ಮಣ್ಣು ಎಳೆದು ಬದು ಕಟ್ಟಲು ಸಮಯ ಸಿಕ್ಕುತ್ತದೆ. ಸೌಮ್ಯ ಗಂಟು ನಿಧಾನವಾಗಿ ಬೆಳೆಯುವುದರಿಂದ ಸುತ್ತಲಿನ ಎಲುಬು ಅದರ ಸುತ್ತ ಗಟ್ಟಿಯಾದ ಬದು ಕಟ್ಟುತ್ತದೆ. ಚಿತ್ರದಲ್ಲಿ ಅದು ಪೆನ್ಸಿಲಿನಿಂದ ಬರೆದಂಥ ಸ್ಪಷ್ಟ ಬಿಳಿಗೆರೆಯಾಗಿ ಕಾಣುತ್ತದೆ. ಘಾತಕ ಗಂಟು ಹೊಳೆ ಬಂದಂತೆ ಬರುತ್ತದೆ. ಬದು ಕಟ್ಟಲು ಎಲುಬಿಗೆ ವೇಳೆಯೇ ಇಲ್ಲ. ಎಲ್ಲಿ ಗಂಟು ಮುಗಿಯಿತು, ಎಲ್ಲಿ ಒಳ್ಳೆಯ ಎಲುಬು ಸುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದಂತೆ ಅಂಚು ಮಸುಕಾಗಿ, ಗೆದ್ದಲು ತಿಂದ ಕಟ್ಟಿಗೆಯಂತೆ ಇರುತ್ತದೆ.

ಎಲುಬಿನ ಮೇಲೆ ತೆಳುವಾದ ಒಂದು ಹೊದಿಕೆಯುಂಟು. ಗಂಟು ಒಳಗಿನಿಂದ ಒತ್ತಿದಾಗ ಆ ಹೊದಿಕೆ ಮೇಲೆದ್ದು, ಹೊಸ ಎಲುಬನ್ನು ಕಟ್ಟತೊಡಗುತ್ತದೆ. ನಿಧಾನದ ಒತ್ತಡವಿದ್ದರೆ ಒಂದೇ ದಪ್ಪನೆಯ ಪದರು ಕಟ್ಟುತ್ತದೆ. ಗಂಟು ಬಿಟ್ಟುಬಿಟ್ಟು ನುಗ್ಗಿದರೆ ಉಳ್ಳಾಗಡ್ಡಿಯಂತೆ ಪದರಿನ ಮೇಲೆ ಪದರು. ಯೂಯಿಂಗ್ ಗಂಟಿನಲ್ಲಿ ಇದು ಪ್ರಸಿದ್ಧ. ಅತಿ ವೇಗವಾಗಿ ನುಗ್ಗಿದರೆ ಸೂರ್ಯನ ಕಿರಣಗಳಂತೆ ಹೊರಚಾಚಿದ ಎಲುಬಿನ ಎಳೆಗಳು. ಕೆಲವೊಮ್ಮೆ ಹೊದಿಕೆಗೆ ಎಲುಬು ಕಟ್ಟಲು ಅವಕಾಶವಾಗುವುದು ಗಂಟಿನ ಅಂಚಿನಲ್ಲಿ ಮಾತ್ರ. ಅಲ್ಲಿ ಡೇರೆಯ ಮೂಲೆಯಂತೆ ಒಂದು ಪುಟ್ಟ ತ್ರಿಕೋನ ಮೂಡುತ್ತದೆ. ಅದಕ್ಕೆ ಕಾಡ್ಮನ್ ತ್ರಿಕೋನವೆಂದು ಹೆಸರು. ಈ ಅರ್ನೆಸ್ಟ್ ಕಾಡ್ಮನ್ ಬೋಸ್ಟನ್ನಿನ ಶಸ್ತ್ರವೈದ್ಯರು. ಒಬ್ಬೊಬ್ಬ ವೈದ್ಯನು ಜೀವಮಾನದಲ್ಲಿ ನೋಡುವ ಎಲುಬಿನ ಕ್ಯಾನ್ಸರು ಬೆರಳೆಣಿಕೆಯಷ್ಟು. ಹೀಗಿರುವಾಗ ಕಲಿಯುವುದೆಂತು ಎಂದು ಯೋಚಿಸಿ, 1920ರ ಸುಮಾರಿಗೆ ಇತರ ವೈದ್ಯರಿಂದ ಚಿತ್ರಗಳನ್ನೂ ವಿವರಗಳನ್ನೂ ತರಿಸಿ ಒಂದೆಡೆ ದಾಖಲಿಸತೊಡಗಿದರು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದು ದಫ್ತರಖಾನೆಯ ಕೆಲಸವಾಗಿಯೇ ತೋರಿ ಹಿಗ್ಗಾಯಿತು. ಆದರೆ ಈ ತ್ರಿಕೋನವೂ ಕೊನೆಯ ಮಾತಲ್ಲ. ಎಲುಬಿನ ಕೀವುರೋಗದಲ್ಲಿಯೂ ಅದು ಕಾಣಿಸಬಹುದು. ನಮ್ಮ ದೇಶದಲ್ಲಿ ಎಲುಬಿನ ಕ್ಷಯವೂ ಉಂಟಾದುದರಿಂದ ತೊಡಕು ಹೆಚ್ಚು. ಮತ್ತೊಂದು ಸಂಗತಿ: ಎಲುಬಿನ ಖನಿಜಾಂಶ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕರಗುವತನಕ ಚಿತ್ರದಲ್ಲಿ ಅದು ಗೋಚರವಾಗದು. ಆದ್ದರಿಂದ ಮೊದಲನೆಯ ಚಿತ್ರದಲ್ಲಿ ಏನೂ ಇಲ್ಲವೆಂದು, ನೋವು ಮುಂದುವರಿದರೂ ಸುಮ್ಮನೆ ಕೂಡಬಾರದು.

ನನ್ನ ಗಂಟಿನ ಚಿತ್ರದಲ್ಲಿ ಎಲುಬಿನ ಹೊರಪದರು ಹಾಗೆಯೇ ಮುಂದುವರಿದು ಟಿಸಿಲಿನ ಹೊರಪದರಾಗಿದೆ. ಒಳಗಿನ ಮಜ್ಜೆಯೂ ಹಾಗೆಯೇ. ಟಿಸಿಲಿನ ಮುಖ ಕೀಲಿನಿಂದ ದೂರಕ್ಕೆ ತಿರುಗಿದೆ. ಇದು ಆಸ್ಟಿಯೊಕಾಂಡ್ರೋಮ, ಎಲುಬಿನ ಸೌಮ್ಯ ಗಂಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು. ಇಂಥ ಒಂಟಿ ಗಂಟು ಮುಂದೆ ಕ್ಯಾನ್ಸರಾಗುವುದು ನೂರಕ್ಕೆ ಒಂದರಷ್ಟು ಅಥವಾ ಅದಕ್ಕೂ ಕಡಿಮೆ. ಮೈತುಂಬ ಹಲವು ಗಂಟುಗಳಿರುವ ಮನೆತನದ ರೋಗವೊಂದುಂಟು. ಅವರಿಗೆ ಅಪಾಯ ಸ್ವಲ್ಪ ಹೆಚ್ಚು. ಬೆಳವಣಿಗೆ ನಿಂತ ಮೇಲೆಯೂ ಗಂಟು ಬೆಳೆಯತೊಡಗಿದರೆ, ಇಲ್ಲವೆ ಹೊಸದಾಗಿ ನೋವು ಬಂದರೆ ತೋರಿಸಬೇಕೆಂದು ನನಗೆ ಹೇಳಿದ್ದಾರೆ.

ಸೌಮ್ಯವೆಂದರೆ ನಿರುಪದ್ರವಿ ಎಂದೇ ಅಲ್ಲ. ಮಕ್ಕಳ ತೋಳಿನ ಮೇಲ್ಭಾಗದಲ್ಲಿ ನೀರು ತುಂಬಿದ ಪೊಳ್ಳು ಉಂಟಾಗಿ, ಚೆಂಡು ಎಸೆಯುವಷ್ಟಕ್ಕೇ ಎಲುಬು ಮುರಿಯುವುದುಂಟು. ದೈತ್ಯಕೋಶದ ಗಂಟಂತೂ ಹೆಸರಿಗೆ ಸೌಮ್ಯ. ಕೆರೆದು ತೆಗೆದರೂ ಮತ್ತೆ ಮರಳುತ್ತದೆ, ಕೀಲನ್ನೇ ತಿಂದುಹಾಕುತ್ತದೆ, ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುತ್ತದೆ. ಸೌಮ್ಯ, ಘಾತಕ ಎಂಬ ಎರಡು ಪೆಟ್ಟಿಗೆಗಳಲ್ಲಿ ಲೋಕದ ಎಲ್ಲ ಗಂಟುಗಳನ್ನೂ ತುಂಬಲು ಹೋದರೆ ಇದೊಂದು ಯಾವಾಗಲೂ ಹೊರಗೆ ಉಳಿಯುತ್ತದೆ.

ಇತಿಹಾಸದ ಮಿತ್ರರಿಗಾಗಿ ಒಂದು ಮಾತು. ಇದು ಈಗಿನ ಕಾಲದ ಗೊಬ್ಬರ, ಔಷಧಿಗಳ ಫಲವೆಂದು ನಮ್ಮೂರ ಕಟ್ಟೆಯ ಮೇಲೆ ಹೇಳುತ್ತಾರೆ. ದಕ್ಷಿಣ ಆಫ್ರಿಕದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ, ಸುಮಾರು 17 ಲಕ್ಷ ವರುಷಗಳಷ್ಟು ಹಳೆಯದಾದ ಮಾನವ ಪೂರ್ವಜನೊಬ್ಬನ ಪಾದದ ಎಲುಬಿನಲ್ಲಿ ಇದೇ ಆಸ್ಟಿಯೊಸಾರ್ಕೋಮವನ್ನು 2016ರಲ್ಲಿ ಗುರುತಿಸಿದರು. ಅವನ ಕಾಲದಲ್ಲಿ ಯೂರಿಯಾ ಇರಲಿಲ್ಲ.

ಮತ್ತೆ ನಮ್ಮ ಹುಡುಗನ ಕಡೆಗೆ ಬರೋಣ. ಕಡೆಗೆ ಕಾಕಾ ಅವನನ್ನು ಮಿರಜಿಗೆ ಕರೆದೊಯ್ದಾಗ ನಾನೂ ಹೋದೆನು. ವೈದ್ಯರು ಚಿತ್ರವನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ ಒಂದು ಮಾತಿಗೆ ನಾನು ಇಂದಿಗೂ ಋಣಿ. "ಇದರ ತುಣುಕು ತೆಗೆದು ಪರೀಕ್ಷೆ ಮಾಡಬೇಕು. ಆದರೆ ನಾನು ತೆಗೆಯುವುದಿಲ್ಲ. ಮುಂದೆ ಶಸ್ತ್ರಕ್ರಿಯೆ ಮಾಡುವವರೇ ತೆಗೆಯಬೇಕು. ಮುಂಬಯಿಗೆ ಹೋಗಿರಿ." ಇದರ ಅರ್ಥ ಆಗ ತಿಳಿಯಲಿಲ್ಲ. ತುಣುಕು ತೆಗೆಯುವ ಸೂಜಿಯ ದಾರಿಯುದ್ದಕ್ಕೂ ಗಂಟಿನ ಕೋಶಗಳು ಅಂಟಿರುವ ಸಂಭವವಿದೆ. ಆದ್ದರಿಂದ ಮುಂದೆ ಗಂಟನ್ನು ತೆಗೆಯುವಾಗ ಆ ದಾರಿಯನ್ನೂ ಕೂಡಿಯೇ ತೆಗೆಯಬೇಕಾಗುತ್ತದೆ. ತಪ್ಪು ಜಾಗದಲ್ಲಿ ಕೊಯ್ದರೆ ಉಳಿಸಬಹುದಾಗಿದ್ದ ಕಾಲನ್ನು ಕತ್ತರಿಸಬೇಕಾಗಿ ಬರಬಹುದು. ಎಲ್ಲ ಗೊತ್ತಿದ್ದೂ ತಾನು ಮಾಡದೆ ಬಿಡುವುದು ಎಂಥ ದೊಡ್ಡ ವಿದ್ಯೆ!

ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ. ಕಾಕಾ ಎರಡು ಎಮ್ಮೆ ಮಾರಿದರು. ಕುಡಚಿಯಿಂದ ಮಿರಜಿಗೆ, ಮಿರಜಿನಿಂದ ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿಗೆ. ಮುಂಬಯಿಯ ಪರಳ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾದುದು. ನಮ್ಮ ಗಡಿಭಾಗದವರಿಗೆ ಮರಾಠಿ ಬರುವುದರಿಂದ ಅಲ್ಲಿ ಅನುಕೂಲ. (ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಕ್ಯಾನ್ಸರಿಗೆ ಚಿಕಿತ್ಸೆಯುಂಟು.) ಅಲ್ಲಿ ಇಡೀ ತೊಡೆಯೆಲುಬಿನ ಎಂ.ಆರ್.ಐ., ಎದೆಯ ಸಿ.ಟಿ., ರಕ್ತಪರೀಕ್ಷೆ, ಕಡೆಗೆ ಸೂಜಿಯಿಂದ ತುಣುಕು. ಸೂಕ್ಷ್ಮದರ್ಶಕದಲ್ಲಿ ಘಾತಕ ಕೋಶಗಳು ತಾವೇ ಎಳೆ ಎಲುಬನ್ನು ಕಟ್ಟುತ್ತಿದ್ದುದು ಕಂಡಿತು. ಅದೇ ಆಸ್ಟಿಯೊಸಾರ್ಕೋಮದ ಗುರುತು. ಎದೆಯಲ್ಲಿ ಏನೂ ಇರಲಿಲ್ಲ. ಚಿಗವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. "ನೀ ಏನೂ ಆಗೂದಿಲ್ಲಂತ ಹೇಳಿದ್ಯಲ್ಲೋ" ಎಂದಳು. ಅಷ್ಟೇ. ಮುಂದೆ ಎಂದೂ ಆ ಮಾತನ್ನು ಎತ್ತಲಿಲ್ಲ.

ಹಿಂದೆ ಈ ರೋಗಕ್ಕೆ ಕಾಲು ಕತ್ತರಿಸುವುದೊಂದೇ ಉಪಾಯವಿತ್ತು. ಕತ್ತರಿಸಿದರೂ ಐವರಲ್ಲಿ ನಾಲ್ವರು ಬದುಕುತ್ತಿರಲಿಲ್ಲ. ಕಾಣದಷ್ಟು ಸಣ್ಣ ಬೀಜಗಳು ಆಗಲೇ ಶ್ವಾಸಕೋಶವನ್ನು ಸೇರಿರುತ್ತಿದ್ದವು. ಕೆನಡದ ಟೆರಿ ಫಾಕ್ಸ್ ಎಂಬ ಕಾಲೇಜು ಹುಡುಗನಿಗೆ ಈ ರೋಗದಿಂದ 1977ರಲ್ಲಿ ಬಲಗಾಲು ಹೋಯಿತು. 1980ರಲ್ಲಿ ಕೃತಕ ಕಾಲಿನಿಂದ ಕ್ಯಾನ್ಸರ್ ಸಂಶೋಧನೆಯ ನಿಧಿಗಾಗಿ ದೇಶದ ಉದ್ದಕ್ಕೂ ಓಡತೊಡಗಿ, ರೋಗ ಶ್ವಾಸಕೋಶಕ್ಕೆ ಬಂದುದರಿಂದ ನಡುವೆಯೇ ನಿಲ್ಲಿಸಿ, 1981ರಲ್ಲಿ ತೀರಿಕೊಂಡನು. 1970ರ ದಶಕದಿಂದ ಔಷಧಿ ಚಿಕಿತ್ಸೆ ಬೆಳೆಯುತ್ತ ಬಂದು, ಈಗ ಬೇರೆ ಕಡೆ ಹರಡುವ ಮೊದಲೇ ಬಂದವರಲ್ಲಿ, ಪೂರ್ಣ ಚಿಕಿತ್ಸೆ ದೊರೆತರೆ, ಮೂವರಲ್ಲಿ ಸುಮಾರು ಇಬ್ಬರು ಉಳಿಯುತ್ತಾರೆ. ಹರಡಿದ ಮೇಲೆ ಬಂದರೆ ಆ ಸಂಖ್ಯೆ ನೂರಕ್ಕೆ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತದೆ. ನಾವು ಕಳೆದ ಮೂರು ತಿಂಗಳ ಬೆಲೆ ಈ ಅಂಕೆಗಳ ನಡುವೆ ಎಲ್ಲಿಯೋ ಇತ್ತು.

ಮೊದಲು ಔಷಧಿ, ಅನಂತರ ಶಸ್ತ್ರಕ್ರಿಯೆ, ಮತ್ತೆ ಔಷಧಿ. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಹನಿಹನಿಯಾಗಿ ಇಳಿಯುವಾಗ ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದನು. ತಲೆಗೂದಲೆಲ್ಲ ಉದುರಿತು. ಮೂರು ತಿಂಗಳ ಮೇಲೆ ತೊಡೆಯೆಲುಬಿನ ಕೆಳಭಾಗವನ್ನು ಗಂಟಿನ ಸಮೇತ ತೆಗೆದು ಲೋಹದ ಎಲುಬನ್ನೂ ಕೀಲನ್ನೂ ಕೂಡಿಸಿದರು. ತೆಗೆದ ಗಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಔಷಧಿಯಿಂದ ಸತ್ತಿತ್ತೆಂದು ವರದಿ ಬಂದಿತು. ಇದು ಒಳ್ಳೆಯ ಲಕ್ಷಣವಂತೆ. ವೈದ್ಯರು ನಕ್ಕದ್ದನ್ನು ಅಂದೇ ನಾನು ಮೊದಲ ಸಲ ನೋಡಿದೆನು.

ಈಗ ಅವನು ಮತ್ತೆ ಶಾಲೆಗೆ ಹೋಗುತ್ತಿದ್ದಾನೆ. ಕಬಡ್ಡಿ ಇಲ್ಲ, ಗಾಡಿಯಿಂದ ಜಿಗಿಯುವಂತಿಲ್ಲ. ಒಂದಿಷ್ಟು ಕುಂಟು ಉಳಿದಿದೆ. ಮೂರು ತಿಂಗಳಿಗೊಮ್ಮೆ ಎದೆಯ ಚಿತ್ರ ತೆಗೆಸಬೇಕು. ಕಳೆದ ಸಲ ರೈಲಿನಲ್ಲಿ ನನ್ನ ಮೊಣಕಾಲ ಗಂಟನ್ನು ಮುಟ್ಟಿ ನೋಡಿ, "ನಿಂದ ಇನ್ನೂ ಐತಲ್ಲೋ ಅಣ್ಣಾ" ಎಂದು ನಕ್ಕನು. ಬರುವ ತಿಂಗಳು ಮತ್ತೆ ಹೋಗಬೇಕಾಗಿದೆ, ಟಿಕೀಟು ತೆಗೆಸಿದ್ದಾಗಿದೆ.